ಶಹಾಪುರ: ನಾಲೆಯ ದಡದ ಪೇಟೆ

ಬೆಳಗಾವಿಗೆ ಹೊಳೆಯಿಲ್ಲವೆಂಬುದು ಊರವರೂ ಪರಸ್ಥಳದವರೂ ಒಂದೇ ಸಮನೆ ಹೇಳುತ್ತ ಬಂದಿರುವ ಮಾತು. ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿ, ಸಹ್ಯಾದ್ರಿಯ ಪೂರ್ವದ ಮಗ್ಗುಲಿಗೆ ಒರಗಿಕೊಂಡಂತಿರುವ ಈ ನಗರದ ಉತ್ತರಕ್ಕೆ ಮಾರ್ಕಂಡೇಯ ನದಿಯು ಕಂಗ್ರಾಳಿ ಕಾಕತಿಗಳ ಕಡೆಯಿಂದ ಊರನ್ನು ದೂರದಿಂದಲೇ ಬಳಸಿಕೊಂಡು ಹೋಗುವುದು. ದಕ್ಷಿಣಕ್ಕೆ ಮಲಪ್ರಭೆಯನ್ನು ಕಾಣಬೇಕಾದರೆ 26 ಕಿಲೋಮೀಟರು ನಡೆದು ಖಾನಾಪುರವನ್ನು ಸೇರಬೇಕು. ಕೋಟೆ, ದಂಡು, ಮಾರುಕಟ್ಟೆ, ಟಿಳಕವಾಡಿ ಇವುಗಳನ್ನಷ್ಟೇ ನೋಡಿ ಹಿಂದಿರುಗಿದವನಿಗೆ ಆ ಮಾತು ಯಥಾರ್ಥವಾಗಿಯೇ ತೋರಿದರೆ ಆಶ್ಚರ್ಯವಿಲ್ಲ. ಆದರೆ ಕಪಿಲೇಶ್ವರನ ಗುಡಿಯನ್ನು ದಾಟಿ ಶಹಾಪುರವನ್ನು ಹೊಕ್ಕು, ಖಡೇ ಬಜಾರಿನ ಗದ್ದಲವನ್ನು ಹಿಂದಿಕ್ಕಿ, ಗಲ್ಲಿಗಳ ಇಳಿಜಾರನ್ನೇ ಅನುಸರಿಸಿ ವಡಗಾಂವಿಯ ಅಂಚಿನವರೆಗೆ ನಡೆದವನಿಗೆ, ಮನೆಗಳ ಸಾಲು ಮುಗಿದಲ್ಲಿ ಭತ್ತದ ವಿಶಾಲವಾದ ಶಿವಾರವೂ, ಆ ಶಿವಾರದ ನಡುವೆ ಮಂದಗತಿಯಿಂದ ಹರಿಯುವ ಒಂದು ಜಲಪ್ರವಾಹವೂ ಕಾಣಿಸುತ್ತವೆ. ಅದಕ್ಕೆ ಜನರು ಬಳ್ಳಾರಿ ನಾಲಾ ಎನ್ನುತ್ತಾರೆ. ಯಳ್ಳೂರಿನ ಕಡೆಯ ಎತ್ತರದ ನೀರನ್ನು ಕೂಡಿಸಿಕೊಂಡು, ಶಹಾಪುರ, ವಡಗಾಂವಿ, ಹಳೇ ಬೆಳಗಾವಿಗಳ ಹೊಲಗದ್ದೆಗಳ ಮಧ್ಯೆ ಸಾಗಿ, ಹೆದ್ದಾರಿಯನ್ನು ದಾಟಿ, ಕಡೆಗೆ ಮಾರ್ಕಂಡೇಯವನ್ನು ಸೇರುವ ಈ ಪ್ರವಾಹವೇ ನಗರದ ದಕ್ಷಿಣಾರ್ಧಕ್ಕೆಲ್ಲ ಹೊಳೆಯಾಗಿರುವುದು. ಅದು ಹೊಳೆಯೆಂಬ ಅರಿವು ತಪ್ಪಿಹೋದದ್ದರಿಂದಲೇ ಶಹಾಪುರದ ಇಂದಿನ ಸಂಕಟಗಳಲ್ಲಿ ಬಹುಭಾಗವು ಹುಟ್ಟಿಕೊಂಡಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಶಹಾಪುರವು ಈಗ ಮಹಾನಗರಪಾಲಿಕೆಯ ಒಂದು ಭಾಗವೆಂಬಂತೆ ಕಂಡರೂ, ಅದು ಬೆಳಗಾವಿಯ ಬಡಾವಣೆಯಾಗಿ ಹುಟ್ಟಿದುದಲ್ಲ. 1818ನೆಯ ಇಸವಿಯ ಏಪ್ರಿಲಿನಲ್ಲಿ ಜನರಲ್ ಮನ್ರೋ ಬೆಳಗಾವಿಯ ಕೋಟೆಯನ್ನು ಮುತ್ತಿ ವಶಪಡಿಸಿಕೊಂಡನಂತರ ಕೋಟೆಯೂ ಅದರ ಸುತ್ತಣ ಊರೂ ಕಂಪನಿ ಸರಕಾರದ ಕೈಸೇರಿದುವಾದರೂ, ಕೂಗಳತೆಯ ದೂರದಲ್ಲಿದ್ದ ಶಹಾಪುರವು ಮಾತ್ರ ಸಾಂಗಲಿಯ ಪಟವರ್ಧನರ ಸಂಸ್ಥಾನದಲ್ಲಿಯೇ ಉಳಿಯಿತು. ತೇರದಾಳ, ಶಿರಹಟ್ಟಿಗಳಂತೆ ಎಲ್ಲೆಲ್ಲಿಯೋ ಚೆದುರಿಹೋಗಿದ್ದ ಆ ಸಂಸ್ಥಾನದ ಭೂಭಾಗಗಳಲ್ಲಿ ಶಹಾಪುರವು ಒಂದು ತಾಲ್ಲೂಕಿನ ಮುಖ್ಯಸ್ಥಳವಾಗಿತ್ತು. ಅಷ್ಟೇ ಅಲ್ಲ, ವ್ಯಾಪಾರದ ದೃಷ್ಟಿಯಿಂದ ಸಂಸ್ಥಾನದ ಅಗ್ರಗಣ್ಯ ಪೇಟೆಗಳಲ್ಲಿ ಒಂದಾಗಿತ್ತು. ಮುಂದೆ ಬೆಳಗಾವಿಯು ಜಿಲ್ಲೆಯ ಕೇಂದ್ರವಾಗಿ, ದಂಡಿನ ಊರಾಗಿ, ಕಚೇರಿಗಳ ಊರಾಗಿ ಬೆಳೆಯತೊಡಗಿದ ಮೇಲೂ, ಅದರ ಮಗ್ಗುಲಲ್ಲಿಯೇ ಮತ್ತೊಬ್ಬ ಒಡೆಯನ ಆಳ್ವಿಕೆಯಲ್ಲಿ, ಮತ್ತೊಂದು ಕಚೇರಿಯ ಕೆಳಗೆ, ತನ್ನ ಸಾಹುಕಾರರನ್ನೂ ಸರಾಫರನ್ನೂ ನೇಕಾರರನ್ನೂ ಇಟ್ಟುಕೊಂಡು ಶಹಾಪುರವು ಬೇರೆಯೇ ಆದ ಬಾಳನ್ನು ಬಾಳಿತು. 1948ರ ಮಾರ್ಚಿನಲ್ಲಿ ಸಾಂಗಲಿಯು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ತನಕ, ಅಂದರೆ ನೂರಮೂವತ್ತು ವರ್ಷಗಳ ಪರ್ಯಂತ, ಈ ದ್ವಿತ್ವವು ನಡೆದುಬಂದಿತು.

ರಾಜ್ಯಗಳ ಗಡಿಗಳು ನಕ್ಷೆಯಿಂದ ಅಳಿಸಿಹೋದ ಮೇಲೂ ಜನಜೀವನದ ಪಂಚಾಂಗದಲ್ಲಿ ಉಳಿದುಕೊಂಡಿರುವುದಕ್ಕೆ ಶಹಾಪುರದ ಬಣ್ಣದಾಟಕ್ಕಿಂತ ಸೊಗಸಾದ ನಿದರ್ಶನವು ನನಗೆ ತಿಳಿಯದು. ಬೆಳಗಾವಿಯ ಉಳಿದ ಭಾಗದಲ್ಲಿ ಹೋಳಿಯ ಮರುದಿನವೇ ಬಣ್ಣವಾಡಿ ಕೈತೊಳೆದುಕೊಳ್ಳುವರು. ಶಹಾಪುರ, ವಡಗಾಂವಿ, ಹೊಸೂರು, ಖಾಸಬಾಗಗಳಲ್ಲಿ ಅಂದು ಅಂಗಡಿಮುಂಗಟ್ಟುಗಳು ತೆರೆದೇ ಇರುತ್ತವೆ, ಅಲ್ಲಿನ ಬಣ್ಣ ಐದನೆಯ ದಿನದ ರಂಗಪಂಚಮಿಗೆ. ಸಾಂಗಲಿ ಸಂಸ್ಥಾನದ ಕಾಲದ ಈ ಪದ್ಧತಿಯನ್ನು, ಆ ಸಂಸ್ಥಾನವು ಅಸ್ತಂಗತವಾಗಿ ಮೂರು ತಲೆಮಾರುಗಳು ಕಳೆದರೂ, ಯಾರ ಅಪ್ಪಣೆಯೂ ಇಲ್ಲದೆ ಜನರು ಪಾಲಿಸುತ್ತ ಬಂದಿದ್ದಾರೆ. ಸಾಂಗಲಿಯ ಅರಸುಮನೆತನದ ಹೆಸರನ್ನು ಹೊತ್ತ ಚಿಂತಾಮಣರಾವ್ ಪ್ರೌಢಶಾಲೆಯೂ, ಒಂದು ಶತಮಾನಕ್ಕಿಂತ ಹಳೆಯದಾದ ಸರಸ್ವತಿ ವಾಚನಾಲಯವೂ ಇದೇ ಗತವೈಭವದ ಜೀವಂತ ಅವಶೇಷಗಳು. ಅವಶೇಷವೆಂದೆನಾದರೂ, ಅಲ್ಲಿ ಇಂದಿಗೂ ಮಕ್ಕಳು ಓದುತ್ತಾರೆ, ವೃದ್ಧರು ಪತ್ರಿಕೆಗಳನ್ನು ತಿರುವುತ್ತಾರೆ.

ಗಲ್ಲಿಗಳ ಹೆಸರುಗಳನ್ನು ಕೇಳುತ್ತ ಹೋದರೆ ಪೇಟೆಯ ವೃತ್ತಾಂತವು ಅರ್ಧ ತಿಳಿದಂತೆಯೇ ಸರಿ: ಸರಾಫ ಗಲ್ಲಿ, ಕಚೇರಿ ಗಲ್ಲಿ, ಆಚಾರ್ಯ ಗಲ್ಲಿ, ವಿಠ್ಠಲದೇವ ಗಲ್ಲಿ, ಮೀರಾಪುರ ಗಲ್ಲಿ, ಕೋರೆ ಗಲ್ಲಿ, ಅಳವಾನ ಗಲ್ಲಿ. ಚಿನ್ನಬೆಳ್ಳಿಯ ಕೆಲಸದವರು ಒಂದು ಕಡೆ, ಪೌರೋಹಿತ್ಯದವರು ಒಂದು ಕಡೆ, ರೈತರು ತಗ್ಗಿನ ಅಂಚಿಗೆ, ಮಗ್ಗದವರು ವಡಗಾಂವಿ ಖಾಸಬಾಗಗಳ ಕಡೆಗೆ, ಹೀಗೆ ವೃತ್ತಿಗನುಗುಣವಾಗಿ ಊರು ನೆಲೆಗೊಂಡಿದೆ. ಮನೆಗಳಿಗೆ ಎದುರಿನ ಅಗಲ ಸ್ವಲ್ಪ, ಒಳಗಿನ ಉದ್ದ ಬಹಳ. ಬೀದಿಗೆ ಕಟ್ಟೆ ಅಥವಾ ಅಂಗಡಿ, ಅದರ ಹಿಂದೆ ಪಡಸಾಲೆ, ನಡುಮನೆ, ಕೊನೆಗೆ ಹಿತ್ತಲು, ಹಿತ್ತಲಿನಲ್ಲಿ ಬಾವಿ. ಮರಾಠಿ, ಕನ್ನಡ, ಕೊಂಕಣಿ, ಉರ್ದು ಈ ನಾಲ್ಕೂ ಭಾಷೆಗಳು ಒಂದೇ ಓಣಿಯಲ್ಲಿ ಕೇಳಿಬರುವುದು ಇಲ್ಲಿ ಸರ್ವಸಾಧಾರಣ. ಅಂಗಡಿಯವನು ಗಿರಾಕಿಯ ಮುಖವನ್ನು ನೋಡಿ ಭಾಷೆಯನ್ನು ಬದಲಾಯಿಸುವ ಚಾತುರ್ಯವನ್ನು ಕಂಡವರಿಗೆ, ಈ ಊರಿನ ಹೆಸರನ್ನು ಗಡಿವಿವಾದದ ಸುದ್ದಿಗಳಲ್ಲಿ ಮಾತ್ರ ಓದಿ ಬಲ್ಲವರ ಕಲ್ಪನೆಯು ಎಷ್ಟು ಅಪೂರ್ಣವೆಂಬುದು ತಾನಾಗಿಯೇ ವೇದ್ಯವಾಗುವುದು.

ಶಹಾಪುರದ ಸೀರೆಯ ಮಾತು ಬಂದರೆ ಉತ್ತರ ಕರ್ನಾಟಕದ ಹಳೆಯ ಗೃಹಿಣಿಯರ ಮುಖದಲ್ಲಿ ಇಂದಿಗೂ ಒಂದು ಕಾಂತಿ ಮೂಡುವುದು. ನೂಲು ಮತ್ತು ರೇಷ್ಮೆಗಳೆರಡನ್ನೂ ಇಲ್ಲಿ ನೇಯುತ್ತಿದ್ದರು, ಬಣ್ಣ ಹಾಕುತ್ತಿದ್ದರು. ‘ಶಾಪೂರ’ದ ಸೀರೆಯೆಂದರೆ ಮದುವೆಯ ಜವಳಿಗಳಲ್ಲಿ ಮಾನ್ಯವಾದ ಹೆಸರು. ಇಲ್ಲಿ ಗಮನಿಸತಕ್ಕ ಸಂಗತಿಯೇನೆಂದರೆ, ನೇಕಾರಿಕೆಗೂ ಬಣ್ಣಗಾರಿಕೆಗೂ ಮೊದಲು ಬೇಕಾದುದು ನೀರು. ನೂಲನ್ನು ನೆನೆಸುವುದಕ್ಕೆ, ಗಂಜಿ ಹಾಕುವುದಕ್ಕೆ, ಬಣ್ಣದ ಬಾನಿಗಳನ್ನು ತುಂಬುವುದಕ್ಕೆ, ಬಣ್ಣ ಕೂತ ಮೇಲೆ ಮತ್ತೆ ಮತ್ತೆ ಜಾಲಿಸುವುದಕ್ಕೆ ಎಡೆಬಿಡದೆ ನೀರು ಒದಗುವ ತಾಣದಲ್ಲಲ್ಲದೆ ಈ ಕಸುಬು ಬೇರೂರಲಾರದು. ಬೆಳಗಾವಿಯ ನೆಲದ ರಚನೆಯು ಇದಕ್ಕೆ ಅನುಕೂಲವಾಗಿದೆ. ಮೇಲುಭಾಗದಲ್ಲಿ ರಂಧ್ರಮಯವಾದ ಕೆಂಪು ಜಂಬಿಟ್ಟಿಗೆ, ಅದರ ಕೆಳಗೆ ಗಟ್ಟಿಯಾದ ಕಪ್ಪು ಶಿಲೆ. ಮಳೆಗಾಲದಲ್ಲಿ ಬಿದ್ದ ನೀರು ಜಂಬಿಟ್ಟಿಗೆಯಲ್ಲಿ ಇಂಗಿ, ಶಿಲೆಯನ್ನು ಮುಟ್ಟಿ, ಮುಂದಕ್ಕೆ ಇಳಿಯಲಾರದೆ ಓರೆಯಾಗಿ ಜಿನುಗುತ್ತ ಹೋಗಿ, ಬಾವಿಗಳಲ್ಲಿ ಒರತೆಯಾಗಿ ಕಾಣಿಸಿಕೊಂಡು, ಮಿಕ್ಕದ್ದು ತಗ್ಗಿನ ನಾಲೆಯನ್ನು ಸೇರುವುದು. ಆದುದರಿಂದ ಹಿತ್ತಲಿನ ಬಾವಿಯೂ ಶಿವಾರದ ನಾಲೆಯೂ ಬೇರೆ ಬೇರೆಯಲ್ಲ. ಒಂದೇ ಜಲದ ಎರಡು ತಂಗುದಾಣಗಳು. ಕಪಿಲೇಶ್ವರನ ಹೊಂಡವೂ ಈ ಸಂಸಾರಕ್ಕೆ ಸೇರಿದ್ದೇ. ದಕ್ಷಿಣಕಾಶಿಯೆಂದು ಭಕ್ತರು ಕರೆಯುವ ಆ ಗುಡಿಯ ಹೊಂಡದಲ್ಲಿ ಅನಂತಚತುರ್ದಶಿಯ ರಾತ್ರಿ ಆರಂಭವಾದ ಗಣಪತಿಗಳ ವಿಸರ್ಜನೆಯು ಮರುದಿನದವರೆಗೂ ಸಾಗುವುದನ್ನು ನೋಡಿದವರು, ಹೊಳೆಯಿಲ್ಲದ ಊರು ತನ್ನ ನೀರಿನ ಹಂಬಲವನ್ನು ಎಷ್ಟು ಉತ್ಸಾಹದಿಂದ ತೀರಿಸಿಕೊಳ್ಳುವುದೆಂಬುದನ್ನು ಬಲ್ಲರು.

1887ರ ಸುಮಾರಿಗೆ ರೈಲು ಬಂದಿತು. ಪುಣೆಯಿಂದ ಲೋಂಡಾದವರೆಗಿನ ಆ ದಾರಿಯು ಬೆಳಗಾವಿಯನ್ನೂ ಶಹಾಪುರವನ್ನೂ ಸೀಳಿಕೊಂಡು ಹೋಯಿತಾಗಿ, ಹಿಂದೆ ಆಳ್ವಿಕೆಯಲ್ಲಿ ಮಾತ್ರ ಇದ್ದ ಎಲ್ಲೆಗೆ ಕಬ್ಬಿಣದ ರೇಖೆಯೂ ಕೂಡಿಕೊಂಡಿತು. ಕಪಿಲೇಶ್ವರನ ಬಳಿಯ ರೈಲ್ವೆ ಗೇಟಿನಲ್ಲಿ ಕಾಯುವುದು ಅಲ್ಲಿನವರ ಎಷ್ಟೋ ತಲೆಮಾರುಗಳ ನಿತ್ಯವಿಧಿಯಾಗಿತ್ತು. ಈಗ ಅಲ್ಲಿ ಮೇಲುಸೇತುವೆಯಾಗಿದೆ.

ಅದೇ ರೈಲಿನಲ್ಲಿ ದಕ್ಷಿಣಕ್ಕೆ ಹೊರಟರೆ ಖಾನಾಪುರ. ಶಹಾಪುರದ ಮಾತಿನ ನಡುವೆ ಖಾನಾಪುರವನ್ನು ತರುವುದಕ್ಕೆ ಕಾರಣವುಂಟು. ಹೊಳೆಯೊಂದನ್ನು ಹೊಳೆಯೆಂದೇ ಬಗೆದು ಬಾಳಿದ ಊರು ಹೇಗಿರುವುದೆಂಬುದಕ್ಕೆ ಈ ಸೀಮೆಯಲ್ಲಿ ಅದಕ್ಕಿಂತ ಹತ್ತಿರದ ಸಾಕ್ಷಿ ಬೇರಿಲ್ಲ. ಖಾನಾಪುರ ತಾಲ್ಲೂಕಿನದೇ ಕಣಕುಂಬಿಯಲ್ಲಿ, ಸುಮಾರು 790 ಮೀಟರು ಎತ್ತರದಲ್ಲಿ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಕಾಡಿನ ಮಡಿಲಲ್ಲಿ ಮಲಪ್ರಭೆಯ ಜನನ. ಜಾಂಬೋಟಿಯ ಸಮೀಪದ ಹಬ್ಬನಹಟ್ಟಿಯಲ್ಲಿ ನದಿಯೊಳಗೇ ನೆಲೆಸಿದ ಆಂಜನೇಯನನ್ನು ಮಳೆಗಾಲದಲ್ಲಿ ಮುಳುಗಿಸಿ, ಅಸೋಗೆಯ ರಾಮಲಿಂಗೇಶ್ವರನ ಪಾದದ ಬಳಿ ಬಂಡೆಗಳ ಮೇಲೆ ಹಾಯ್ದು, ಹೊಳೆಯು ಖಾನಾಪುರದ ಅಂಚಿಗೆ ಬರುವುದು. ಅಲ್ಲಿಯ ಜೇಡಿಮಣ್ಣು ಎಷ್ಟು ಶ್ರೇಷ್ಠವೆಂದರೆ, ಹೆಂಚಿನ ಕಾರ್ಖಾನೆಗಳೂ ಕುಂಬಾರರ ಆವಿಗೆಗಳೂ ಆ ಊರಿಗೆ ಹೆಸರು ತಂದುವು. 1954ರಲ್ಲಿ ಗ್ರಾಮೀಣ ಕುಂಬಾರಿಕೆಯ ಕೇಂದ್ರ ತರಬೇತಿ ಸಂಸ್ಥೆಯನ್ನು ಸ್ಥಾಪಿಸಲು ದೇಶದಲ್ಲೆಲ್ಲ ಆಯ್ದುಕೊಂಡ ಸ್ಥಳವೂ ಖಾನಾಪುರವೇ. ಊರಿನ ಕಸುಬು, ಊರಿನ ಬಟ್ಟೆ ಒಗೆಯುವಿಕೆ, ದನಗಳ ಮೈತೊಳೆಯುವಿಕೆ, ದೇವರ ಉತ್ಸವ, ಉತ್ತರಕ್ರಿಯೆ, ಎಲ್ಲಕ್ಕೂ ಹೊಳೆಯ ದಂಡೆಯೇ ರಂಗಸ್ಥಳ. ಹೊಳೆಯು ಮೇಲೇರಿತೇ, ಇಳಿಯಿತೇ ಎಂಬುದು ಮಳೆಗಾಲದಲ್ಲಿ ಅಲ್ಲಿಯವರು ಪರಸ್ಪರ ಕೇಳುವ ಮೊದಲ ಪ್ರಶ್ನೆ.

ಶಹಾಪುರದ ನಾಲೆಗೆ ಆ ಗೌರವವು ದೊರೆಯಲಿಲ್ಲ. ಭೂಗೋಳದ ದೃಷ್ಟಿಯಿಂದ ಅದೂ ಮಲಪ್ರಭೆಯ ಬಂಧುವೇ. ಬಳ್ಳಾರಿ ನಾಲೆಯ ನೀರು ಮಾರ್ಕಂಡೇಯವನ್ನು ಸೇರಿ, ಮಾರ್ಕಂಡೇಯವು ಗೋಕಾಕದ ಬಳಿ ಘಟಪ್ರಭೆಯನ್ನು ಸೇರಿ, ಘಟಪ್ರಭೆಯು ಕೃಷ್ಣೆಯನ್ನು ಕೂಡುವುದು. ಮಲಪ್ರಭೆಯು ಸವದತ್ತಿ, ಪಟ್ಟದಕಲ್ಲು, ಐಹೊಳೆಗಳ ಮೇಲಿಂದ ಮುನ್ನೂರು ಕಿಲೋಮೀಟರು ಸುತ್ತಿ ಕೂಡಲಸಂಗಮದಲ್ಲಿ ಅದೇ ಕೃಷ್ಣೆಯಲ್ಲಿ ಒಂದಾಗುವುದು. ಒಂದೇ ತಾಸಿನ ಪಯಣದ ಅಂತರದಲ್ಲಿ ಬಿದ್ದ ಎರಡು ಮಳೆಹನಿಗಳು ಜಿಲ್ಲೆಯ ಎರಡು ದಿಕ್ಕುಗಳನ್ನು ಸುತ್ತಿ ಸಂಗಮನಾಥನ ಸನ್ನಿಧಿಯಲ್ಲಿ ಮತ್ತೆ ಸಂಧಿಸುವ ಈ ವಿಚಿತ್ರವನ್ನು ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸುವವರು ಇದ್ದರೆ ಎಷ್ಟು ಚೆನ್ನಾಗಿತ್ತು!

ನಾಲೆಯ ಇಕ್ಕೆಲದ ಶಿವಾರದ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಶಹಾಪುರ, ವಡಗಾಂವಿ, ಯಳ್ಳೂರುಗಳ ಈ ಗದ್ದೆಗಳಲ್ಲಿ ಬೆಳೆಯುವ ಸುವಾಸನೆಯ ಅಕ್ಕಿಗೆ ಬೆಳಗಾವಿ ಬಾಸಮತಿಯೆಂಬ ಖ್ಯಾತಿಯುಂಟು. ಜೂನಿನಿಂದ ಸೆಪ್ಟೆಂಬರವರೆಗೆ ಗದ್ದೆಗಳಲ್ಲಿ ನೀರು ನಿಲ್ಲುವುದು. ಭತ್ತದ ಕೊಯ್ಲಾದ ಮೇಲೆ ನೆಲದಲ್ಲಿ ಉಳಿದ ತೇವದಿಂದಲೇ ಮಸೂರ, ಕಡಲೆ, ವಟಾಣಿಗಳನ್ನು ಬೆಳೆಯುವರು. ಇದು ಕೃಷಿಯ ಮಾತಾಯಿತು. ಆದರೆ ಊರಿನ ದೃಷ್ಟಿಯಿಂದ ಈ ಗದ್ದೆಗಳಿಗೆ ಇನ್ನೊಂದು ಕರ್ತವ್ಯವಿದೆ. ನಗರದ ಮೇಲುಭಾಗದಲ್ಲಿ ಸುರಿದ ಮಳೆಯು ಇಳಿಜಾರಿನಿಂದ ಧಾವಿಸಿ ಬಂದಾಗ, ಕಿರಿದಾದ ನಾಲೆಯು ಅದನ್ನೆಲ್ಲ ಒಮ್ಮೆಗೇ ಸಾಗಿಸಲಾರದು. ಆಗ ಬದುಗಳಿಂದ ಸುತ್ತುವರಿದ ಗದ್ದೆಗಳು, ಅಂಚುಳ್ಳ ಪರಾತದಂತೆ, ಹೆಚ್ಚಾದ ನೀರನ್ನು ತಮ್ಮಲ್ಲಿ ಹಿಡಿದುಕೊಂಡು, ನಾಲೆಯು ತೆರವಾದಂತೆ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವುವು. ಭತ್ತವು ಕೆಲವು ದಿನ ನೀರಿನಲ್ಲಿ ನಿಂತರೆ ಸಹಿಸುವುದು. ಮನೆಯ ಅಡಿಪಾಯವೂ ಅಡಿಗೆಮನೆಯ ಅಕ್ಕಿಯ ಚೀಲವೂ ಸಹಿಸಲಾರವು. ಹಿರಿಯರು ಎತ್ತರದಲ್ಲಿ ಮನೆಗಳನ್ನು ಕಟ್ಟಿ ತಗ್ಗನ್ನು ಭತ್ತಕ್ಕೆ ಬಿಟ್ಟುದು ದಾರಿದ್ರ್ಯದಿಂದಲ್ಲ, ದೂರದೃಷ್ಟಿಯಿಂದ.

ಕಳೆದ ಕೆಲವು ದಶಕಗಳಲ್ಲಿ ಈ ವ್ಯವಸ್ಥೆಯು ಎರಡು ಕಡೆಯಿಂದ ಕುಸಿಯಿತು. ಒಂದು ಕಡೆ ನಿವೇಶನಗಳಾಗಿ ಪರಿಣಮಿಸಿದ ಗದ್ದೆಗಳ ಮೇಲೆ ಹೊಸ ಬಡಾವಣೆಗಳೂ ಮಗ್ಗದ ಮನೆಗಳೂ ಎದ್ದುವು. ಕೈಮಗ್ಗಗಳು ವಿದ್ಯುತ್ ಮಗ್ಗಗಳಾದ ಮೇಲೆ ನೇಕಾರನಿಗೆ ವಿಶಾಲವಾದ ಜಾಗವು ಬೇಕಾಯಿತು, ಕೈಗೆಟಕುವ ಬೆಲೆಗೆ ಅದು ದೊರೆತದ್ದು ತಗ್ಗಿನಲ್ಲಿ ಮಾತ್ರ. ಮತ್ತೊಂದು ಕಡೆ, ನಗರದ ಕೊಳೆನೀರೆಲ್ಲ, ಕೋಟೆಯ ಕಡೆಯಿಂದ ಬರುವ ಲೇಂಡಿ ನಾಲೆಯದೂ ಸೇರಿ, ಬಳ್ಳಾರಿ ನಾಲೆಯ ಪಾಲಾಯಿತು. ಮಲಿನತೆಯನ್ನುಂಡು ಬೆಳೆಯುವ ಜಲಕುಂಭಿಯು ನಾಲೆಯ ಮುಖವನ್ನು ಹಸುರು ಚಾಪೆಯಾಗಿ ಮುಚ್ಚಿತು, ಹೂಳು ತುಂಬಿತು, ಪಾತ್ರವು ಕಿರಿದಾಯಿತು. 2019ರ ಆಗಸ್ಟಿನಲ್ಲಿ ಜಿಲ್ಲೆಯಾದ್ಯಂತ ಪ್ರಳಯಸದೃಶವಾದ ಮಳೆ ಸುರಿದಾಗ, ಖಾನಾಪುರದಲ್ಲಿ ಮಲಪ್ರಭೆಯು ದಂಡೆ ಮೀರಿದ ದಿನಗಳಲ್ಲಿಯೇ, ಶಹಾಪುರ ವಡಗಾಂವಿಗಳ ತಗ್ಗಿನ ಮನೆಗಳಿಗೂ ಮಗ್ಗದ ಕುಣಿಗಳಿಗೂ ನೀರು ನುಗ್ಗಿತು. ಹಾಸುಹೊಕ್ಕಿನ ಮೇಲೆ ಅರ್ಧ ನೇಯ್ದ ಸೀರೆಯು ಕೆಸರಿನಲ್ಲಿ ನೆನೆದುಹೋದಾಗ ನೇಕಾರನಿಗಾಗುವ ನಷ್ಟವು ಆ ಸೀರೆಯ ಬೆಲೆಯಷ್ಟೇ ಅಲ್ಲ. ನೂಲಿನ ಸಾಲ, ಮೋಟಾರಿನ ದುರಸ್ತಿ, ಮಗ್ಗ ನಿಂತ ದಿನಗಳ ಕೂಲಿ ಎಲ್ಲವೂ ಅವನ ತಲೆಯ ಮೇಲೆಯೇ. ಮೋರಿ ಉಕ್ಕಿತೆಂದು ಅಂದು ಎಲ್ಲರೂ ಹೇಳಿದರು. ಹೊಳೆಯು ತನ್ನ ಹಳೆಯ ಬಯಲನ್ನು ಹುಡುಕಿಕೊಂಡು ಬಂದಿತೆಂದು ಹೇಳಿದ್ದರೆ, ಪರಿಹಾರದ ಮಾರ್ಗವೂ ಬೇರೆಯಾಗಿ ತೋರುತ್ತಿತ್ತು.

ಇನ್ನೊಂದು ಸಂಗತಿಯು ನನ್ನನ್ನು ಬಹುಕಾಲದಿಂದ ಬಾಧಿಸುತ್ತ ಬಂದಿದೆ. ಬೆಳಗಾವಿಗೆ ಕುಡಿಯುವ ನೀರನ್ನು ಕೊಡುವುದರಲ್ಲಿ ಮೊದಲನೆಯ ಉಪಕಾರ ಮಾರ್ಕಂಡೇಯದ್ದು. 1960ರ ದಶಕದಲ್ಲಿ ಪಶ್ಚಿಮದ ರಾಕಸಕೊಪ್ಪದಲ್ಲಿ ಆ ನದಿಗೆ ಕಟ್ಟಿದ ಜಲಾಶಯದಿಂದ ನಗರಕ್ಕೆ ಕೊಳಾಯಿಯ ನೀರು ಬಂದಿತು. ಅದು ಸಾಲದಾದಾಗ ಘಟಪ್ರಭೆಯ ಹಿಡಕಲ್ಲಿನಿಂದ ಎತ್ತಿ ತಂದರು. ಮಾರ್ಕಂಡೇಯದ ನಿರ್ಮಲವಾದ ನೀರನ್ನು ಊರಿನ ಮೇಲುಗಡೆ ಪಡೆದುಕೊಳ್ಳುವ ನಾವು, ಅದೇ ನೀರನ್ನು ಕೊಳೆಯಾಗಿಸಿ, ಬಳ್ಳಾರಿ ನಾಲೆಯ ಮೂಲಕ, ಊರಿನ ಕೆಳಗಡೆ ಅದೇ ನದಿಗೆ ಹಿಂದಿರುಗಿಸುತ್ತಿದ್ದೇವೆ. ಕೆಳಗಿನ ಹಳ್ಳಿಗಳ ರೈತರು ಆ ನೀರಿನಿಂದಲೇ ಕಾಯಿಪಲ್ಯ ಬೆಳೆದು ನಮ್ಮ ಮಾರುಕಟ್ಟೆಗೆ ತರುತ್ತಾರೆ. ಕೊಳಾಯಿ ಬಂದ ಮೇಲೆ ಹಿತ್ತಲಿನ ಬಾವಿಗಳೂ ಅನಾದರಕ್ಕೆ ಗುರಿಯಾಗಿ, ಕೆಲವಕ್ಕೆ ಮುಚ್ಚಳ ಬಿದ್ದಿತು, ಕೆಲವು ಕಸದ ಗುಂಡಿಗಳಾದುವು. 1990ರ ದಶಕದಲ್ಲಿ ನೀರಿನ ಬವಣೆಯು ತೀವ್ರವಾದಾಗ ಪಾಲಿಕೆಯು ನಗರದ ಹಲವು ಹಳೆಯ ಬಾವಿಗಳ ಹೂಳೆತ್ತಿಸಿ ಪುನಃ ಬಳಕೆಗೆ ತಂದುದು ಈ ನಗರದ ಪೌರಚರಿತ್ರೆಯಲ್ಲಿಯೇ ಒಂದು ಶ್ಲಾಘ್ಯವಾದ ಅಧ್ಯಾಯ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕಾಗಿ ತೋಡಿದ ‘ಪಂಪಾ ಸರೋವರ’ವೆಂಬ ಬಾವಿಯು ಟಿಳಕವಾಡಿಯ ರಸ್ತೆಯಲ್ಲಿ ಇಂದಿಗೂ ಇದೆ, ಸಹಸ್ರಾರು ಜನ ಸೇರುವಲ್ಲಿ ಮೊದಲು ನೀರಿನ ಯೋಚನೆಯನ್ನು ಮಾಡಬೇಕೆಂಬ ವಿವೇಕವು ಆ ಅಧಿವೇಶನವನ್ನು ಏರ್ಪಡಿಸಿದ ಗಂಗಾಧರರಾವ್ ದೇಶಪಾಂಡೆಯವರಂಥವರಿಗೆ ಇದ್ದಿತು.

ನಾಲೆಯ ಪುನರುದ್ಧಾರದ ಮಾತು ಹೊಸದಲ್ಲ. ಮಳೆಗಾಲಕ್ಕೆ ಮೊದಲು ಯಂತ್ರಗಳನ್ನಿಳಿಸಿ ಹೂಳೆತ್ತುವುದು, ಜಲಕುಂಭಿಯನ್ನು ಕೀಳಿಸುವುದು ವಾಡಿಕೆಯಾಗಿದೆ. ಕೊಳೆನೀರನ್ನು ಶುದ್ಧೀಕರಿಸಲು ಹಲಗಾದ ಬಳಿ ಘಟಕವನ್ನು ಕಟ್ಟುವ ಯೋಜನೆಯೂ, ಫಲವತ್ತಾದ ಭೂಮಿಯನ್ನು ಅದಕ್ಕಾಗಿ ಕಳೆದುಕೊಳ್ಳಬೇಕಾದ ರೈತರ ಪ್ರತಿಭಟನೆಯೂ ಊರಿಗೆಲ್ಲ ತಿಳಿದಿರುವುದೇ. ಶಿವಾರದ ನಡುವೆ ಹಾಯುವ ಹಲಗಾ–ಮಚ್ಛೆ ಬೈಪಾಸ್ ರಸ್ತೆಯ ವಿಚಾರದಲ್ಲಿಯೂ ರೈತರು ಎತ್ತಿದ ಆಕ್ಷೇಪವನ್ನು ಕೇವಲ ಭೂಮಿಯ ಬೆಲೆಯ ಜಗಳವೆಂದು ತಳ್ಳಿಹಾಕುವುದು ಅನ್ಯಾಯ. ಗದ್ದೆಗಳ ಮೇಲೆ ಅಡ್ಡಲಾಗಿ ಎತ್ತರದ ಏರಿಯನ್ನು ಹಾಕಿದರೆ, ಮಳೆಗಾಲದಲ್ಲಿ ಹರಡಿ ಹರಿಯುತ್ತಿದ್ದ ನೀರು ಏರಿಯ ಮೇಲ್ಭಾಗದಲ್ಲಿ ಮಡುಗಟ್ಟಿ ನಿಲ್ಲುವುದೆಂಬುದನ್ನು ತಿಳಿಯಲು ಇಂಜಿನಿಯರನೇ ಆಗಬೇಕಾದುದಿಲ್ಲ. ಆ ನೆಲವನ್ನು ತಲೆಮಾರುಗಳಿಂದ ಉತ್ತವನಿಗೆ ನೀರಿನ ದಾರಿಯು ಕಂಠಪಾಠವಾಗಿರುತ್ತದೆ, ಅವನನ್ನು ಮೊದಲು ಕೇಳತಕ್ಕದ್ದು.

ಮೊದಲನೆಯದಾಗಿ, ಕೊಳೆನೀರು ನಾಲೆಗೆ ಬೀಳುವ ಮುನ್ನವೇ ಶುದ್ಧವಾಗಬೇಕು. ಅದು ಆಗದ ಹೊರತು, ದಂಡೆಗೆ ಕಾಂಕ್ರೀಟಿನ ಗೋಡೆ ಕಟ್ಟಿ ಮೇಲೆ ನಡೆದಾಡುವ ಹಾದಿಯನ್ನು ಮಾಡಿದರೆ ದುರ್ಗಂಧಕ್ಕೊಂದು ಅಲಂಕಾರವಾದೀತೇ ಹೊರತು ಊರಿಗೆ ಹಿತವಾಗದು. ಎರಡನೆಯದಾಗಿ, ಉಳಿದಿರುವ ಗದ್ದೆಗಳನ್ನು ಮುಂದಿನ ನಗರಯೋಜನೆಯಲ್ಲಿ ನೀರು ತಂಗುವ ಭೂಮಿಯೆಂದು ಸ್ಪಷ್ಟವಾಗಿ ಗುರುತಿಸಿ, ಅಲ್ಲಿ ಭತ್ತವನ್ನೇ ಬೆಳೆಯುತ್ತ ಹೋಗುವ ರೈತನಿಗೆ ಊರು ಪ್ರತಿಫಲವನ್ನು ಕೊಡಬೇಕು; ಏಕೆಂದರೆ ಅವನು ಕಾಯುತ್ತಿರುವುದು ತನ್ನ ಬೆಳೆಯನ್ನು ಮಾತ್ರವಲ್ಲ, ಕೋರೆ ಗಲ್ಲಿಯ ಪಡಸಾಲೆಯನ್ನೂ ಖಾಸಬಾಗದ ಮಗ್ಗವನ್ನೂ. ತಗ್ಗಿನಲ್ಲಿ ಈಗಾಗಲೇ ಮನೆಕಟ್ಟಿಕೊಂಡಿರುವ ನೇಕಾರ ಕುಟುಂಬಗಳನ್ನು ಎಬ್ಬಿಸುವ ಮಾತನ್ನು ನಾನಂತೂ ಆಡಲಾರೆ. ಅವರ ಮಗ್ಗಗಳಿಗೆ ಎತ್ತರದ ಜಗಲಿಯನ್ನು ಕಟ್ಟಿಕೊಳ್ಳಲು ನೆರವು, ನಾಲೆಯ ಮಟ್ಟ ಏರುತ್ತಿರುವಾಗಲೇ ಸುದ್ದಿ ಮುಟ್ಟಿಸುವ ಏರ್ಪಾಡು, ಇವೆರಡಾದರೂ ತತ್ಕಾಲಕ್ಕೆ ಆಗಲೇಬೇಕು. ಖಾನಾಪುರದವರು ಮಲಪ್ರಭೆಯ ಮಟ್ಟವನ್ನು ಸೇತುವೆಯ ಕಂಬಗಳಲ್ಲಿ ನೋಡಿ ತಿಳಿಯುವಂತೆ, ಶಹಾಪುರದ ತಗ್ಗಿನವರಿಗೂ ಯಳ್ಳೂರು ರಸ್ತೆಯ ಸೇತುವೆಯ ಬಳಿ ಅಳತೆಯ ಗುರುತೊಂದನ್ನು ಬರೆದು, ಮಳೆಗಾಲದ ನಾಲ್ಕು ತಿಂಗಳು ಅದನ್ನು ನೋಡುವವನೊಬ್ಬನನ್ನು ನೇಮಿಸುವುದಕ್ಕೆ ಪಾಲಿಕೆಗೆ ಆಗುವ ಖರ್ಚು ಅತ್ಯಲ್ಪ. ಜೂನು ಬರುವುದರೊಳಗಾಗಿ ಅದನ್ನಾದರೂ ಮಾಡಲಿ.